ಎಲ್‌ಎಲ್ ಕೈಗೆ ಬಂದ ಮೇಲಿನ ಒಂದು ತಿಂಗಳು

"ಅಪ್ಪಾ, ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ಗಾಡಿ ತರ್ತಾರ, ನಾ ಒಬ್ಬಾಕಿನ ಬಸ್ಸಿಗೆ ಹೋಗೋದು." ಮಗಳಿಗೆ 16 ತುಂಬಿದಾಗಿನಿಂದ ಇದೇ ಮಾತು. ಆ ವಯಸ್ಸಿಗೆ ಲೈಸೆನ್ಸ್ ಸಿಗುತ್ತದೆ ನಿಜ. ಆದರೆ ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ. ನಮ್ಮ ಸ್ಕೂಟರ್ 110 ಸಿಸಿ. ಅದಕ್ಕೆ 18 ಆಗಲೇಬೇಕು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯನ್ನು ಅವಳ ಕೈಯಲ್ಲೇ ಓದಿಸಿದೆ. ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಪಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಕ್ಕಳಿಗೆ 25 ತುಂಬುವವರೆಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಕೂಡ ಇಲ್ಲ. ಕೊನೆಯದನ್ನು ಓದಿದ ಮೇಲೆ ಹಟ ನಿಂತಿತು.

18 ಆದ ವಾರವೇ ಎಲ್‌ಎಲ್ ಮಾಡಿಸಿದೆವು. ಅದು 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ (ಪೂರ್ತಿ ಲೈಸೆನ್ಸ್) ಟೆಸ್ಟ್. ಬಹಳ ಮಂದಿ ಈ 30 ದಿನ ಸುಮ್ನೆ ಕಾಯುತ್ತಾರೆ. ಕಲಿಯುವ ಕಾಲ ಅದೇ ಅಲ್ವಾ?

ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಂಟಿಸಿದೆ. ಕಲಿಯುವವರ ಹಿಂದೆ ಲೈಸೆನ್ಸ್ ಇದ್ದು ಕಲಿಸುವವರು ಬಿಟ್ಟು ಬೇರೆ ಯಾರೂ ಕೂರುವಂತಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಆರಕ್ಕೆ ನಾನೇ ಕೂತೆ, ಇಬ್ಬರಿಗೂ ಹೆಲ್ಮೆಟ್. ಮೊದಲ ಎರಡು ದಿನ ಎಂಜಿನ್ ಹಚ್ಚಲೇ ಇಲ್ಲ. ಗಾಡಿ ತಳ್ಳುವುದು, ಸ್ಟ್ಯಾಂಡ್ ಹಾಕುವುದು, ಬ್ರೇಕ್ ಹಿಡಿದು ನಿಲ್ಲಿಸುವುದು ಅಷ್ಟೇ. ಆಮೇಲೆ ಓಣಿಯ ಖಾಲಿ ಸೈಟಿನಲ್ಲಿ ಅವಳ ಅವ್ವ ರಂಗೋಲಿ ಪುಡಿಯಿಂದ, ಟೆಸ್ಟಿನಲ್ಲಿ ಓಡಿಸುವಂಥ ದೊಡ್ಡ ಎಂಟರ (8) ಗೆರೆ ಹಾಕಿಕೊಟ್ಟಳು. ಮಗಳು ಚಕ್ರ ನೋಡಿಕೊಂಡು ಓಡಿಸುತ್ತಿದ್ದಳು, ಅದಕ್ಕೇ ಪ್ರತಿ ತಿರುವಿಗೂ ಕಾಲು ಊರುತ್ತಿದ್ದಳು. "ಚಕ್ರ ಬಿಡವಾ, ಎಲ್ಲಿ ಹೋಗಬೇಕೋ ಅಲ್ಲಿ ನೋಡು" ಅಂದೆ. ಆಕ್ಸಿಲರೇಟರ್ ಒಂದೇ ಸಮ ಇಟ್ಟು, ಹಿಂದಿನ ಬ್ರೇಕ್ ಮೆಲ್ಲಗೆ ಹಿಡಿಯುವುದು ರೂಢಿಯಾಗಲು ಐದು ದಿನ ಬೇಕಾಯಿತು.

ನನಗೆ ಜಾಸ್ತಿ ಅಂಜಿಕೆ ಇದ್ದದ್ದು ಹುಬ್ಬಳ್ಳಿ-ಧಾರವಾಡ ರಸ್ತೆಯದು. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಬಸ್ ಬಂತೆಂದರೆ ಜನ ಓಡಿಬಂದು ದಾಟುತ್ತಾರೆ. ಉಣಕಲ್ ಹತ್ತಿರ ಎರಡು ಸಂಜೆ ಅವಳನ್ನು ರಸ್ತೆ ಪಕ್ಕ ನಿಲ್ಲಿಸಿ ಬರೀ ನೋಡಿಸಿದೆ: ಯಾರು ಯಾವ ಕಡೆಯಿಂದ ದಾಟುತ್ತಾರೆ, ಯಾವ ಗಾಡಿ ಇಂಡಿಕೇಟರ್ ಇಲ್ಲದೆ ತಿರುಗುತ್ತದೆ. ಮೂರನೇ ವಾರದಲ್ಲಿ ಆ ರಸ್ತೆಗೆ ಇಳಿದೆವು. ನಿಲ್ದಾಣ ಕಂಡ ಕೂಡಲೇ, ನಾನು ಹೇಳುವ ಮೊದಲೇ, ಅವಳು ವೇಗ ಇಳಿಸಿದಳು.

ಟೆಸ್ಟಿನಲ್ಲಿ ಕಾಲು ಊರಲಿಲ್ಲ, ಪಾಸಾದಳು. ಆದರೆ ಒದ್ದೆ ರಸ್ತೆಯಲ್ಲಿ ಅವಳು ಇನ್ನೂ ಓಡಿಸಿಲ್ಲ. ಮಳೆ ಹಿಡಿದ ಮೇಲೆ ಒಂದು ವಾರ ಮತ್ತೆ ನಾನು ಹಿಂದೆ ಕೂರಬೇಕು, ಅದನ್ನು ಈಗಲೇ ಹೇಳಿ ಇಟ್ಟಿದ್ದೇನೆ.