ಟೂ-ಸ್ಟ್ರೋಕ್ ಎಂಡ್ಯೂರೊ ಬೈಕ್: ಸೈಲೆನ್ಸರ್‌ನಿಂದ ಕಪ್ಪು ಎಣ್ಣೆ ಸೋರಿದ್ದು ಹೇಗೆ ನಿಂತಿತು

300 ಸಿಸಿ ಕಾರ್ಬ್ಯುರೇಟರ್ ಬೈಕ್. ಸಕಲೇಶಪುರದ ಗುಡ್ಡಗಳಲ್ಲಿ ನಿಧಾನವಾಗಿ ಹತ್ತುವಾಗ ಎಂಜಿನ್ ಗೊರಗೊರ ಅನ್ನುತ್ತಿತ್ತು, ಪ್ಲಗ್ ಒದ್ದೆ, ಸೈಲೆನ್ಸರ್ ತುದಿಯಲ್ಲಿ ಕಪ್ಪು ಎಣ್ಣೆ.

ಹೊಸ ಪ್ಲಗ್ ಹಾಕಿದೆ, ಫಿಲ್ಟರ್ ತೊಳೆದೆ. ಪೆಟ್ರೋಲ್‌ಗೆ ಬೆರೆಸುವ ಆಯಿಲ್ 40:1ರಿಂದ (40 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್) 60:1ಕ್ಕೆ ಇಳಿಸಿದೆ. ಇದು ಪೂರಾ ಉಲ್ಟಾ: ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿದ್ದದ್ದೇ ತೊಂದರೆ, ಆಯಿಲ್ ಇಳಿಸಿದರೆ ಪೆಟ್ರೋಲ್ ಪಾಲು ಇನ್ನೂ ಜಾಸ್ತಿಯಾಗುತ್ತದೆ, ಅಲ್ವಾ?

ಸರಿಹೋಗಿದ್ದು ಪೈಲಟ್ ಜೆಟ್‌ನಿಂದ (ಐಡ್ಲಿಂಗ್ ಮತ್ತು ಕಡಿಮೆ ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ, ಕಾರ್ಬ್ಯುರೇಟರ್‌ನೊಳಗಿನ ಸಣ್ಣ ತೂತಿನ ಭಾಗ). ಮೊದಲು ಎಂಜಿನ್ ಚೆನ್ನಾಗಿ ಬಿಸಿ ಮಾಡಿ. ಅದಕ್ಕೆ ಸೇರುವ ಗಾಳಿಯನ್ನು ಹೆಚ್ಚು-ಕಡಿಮೆ ಮಾಡುವ ಏರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ, ಮೆಲ್ಲಗೆ, ಬಿಗಿಯಬೇಡಿ. ಆಮೇಲೆ ಕಾಲು ಸುತ್ತಿನಂತೆ ಹೊರಗೆ ಬಿಡಿ. ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ 1ರಿಂದ 2 ಸುತ್ತಿನೊಳಗೆ ಸಿಗಬೇಕು. ನನ್ನದರಲ್ಲಿ 3 ಸುತ್ತಾದರೂ ಏರುತ್ತಲೇ ಇತ್ತು. ಅಂದರೆ ಜೆಟ್ ದೊಡ್ಡದು. 42 ಸೈಜಿನದು ತೆಗೆದು 38ರದ್ದು ಹಾಕಿದೆ, ಒಂದೂವರೆ ಸುತ್ತಿಗೆ ನಿಂತಿತು. ನಂತರವೇ ನೀಡಲ್ ಕ್ಲಿಪ್ ಒಂದು ಗೀರು ಮೇಲಕ್ಕೆ (ಹೀಗೆ ಮಾಡಿದರೆ ಸೂಜಿ ಕೆಳಗಿಳಿದು, ಅರ್ಧ ಥ್ರಾಟಲ್‌ನಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ). ಫುಲ್ ಥ್ರಾಟಲ್‌ಗೆ ಪೆಟ್ರೋಲ್ ಬಿಡುವ ಮೇನ್ ಜೆಟ್ ಮುಟ್ಟಲಿಲ್ಲ. ಆಯಿಲ್ ವಾಪಸ್ 40:1.