ಸ್ಕ್ರಿಪ್ಟ್ ಓಡಿಸುವ ಮುನ್ನ ಒಂದು ಸ್ಲ್ಯಾಶ್
ಒರಾಕಲ್ ಡೇಟಾಬೇಸ್‌ಗೆ ಕೋಡ್ ಬರೆದು ಓಡಿಸುವ ತಂತ್ರಾಂಶ ಎಸ್‌ಕ್ಯೂಎಲ್ ಡೆವಲಪರ್‌ನಲ್ಲಿ ಟೇಬಲ್, ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿಯೇ ಓಡುವ ಕೋಡ್) ಎಲ್ಲವನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಬರೆಯುವವರು ಇದನ್ನು ಗಮನಿಸಿ. ಕಂಟ್ರೋಲ್ ಎಂಟರ್ ಒತ್ತಿದರೆ ಕರ್ಸರ್ ಇರುವ ಸ್ಟೇಟ್‌ಮೆಂಟ್ ಮಾತ್ರ ಓಡುತ್ತದೆ. ಪೂರ್ತಿ ಸ್ಕ್ರಿಪ್ಟ್‌ಗೆ ಎಫ್5.

ಜಾಸ್ತಿ ಜನ ಸಿಕ್ಕಿಬೀಳುವುದು ಟ್ರಿಗರ್, ಪ್ರೊಸೀಜರ್‌ಗಳಲ್ಲಿ (ಹೆಸರಿಟ್ಟು ಡೇಟಾಬೇಸ್‌ನಲ್ಲೇ ಉಳಿಸುವ ಕೋಡ್). ಅವುಗಳ ಒಳಗೇ ಸೆಮಿಕೋಲನ್ ಇರುತ್ತದೆ ಅಲ್ವಾ? ಹಾಗಾಗಿ ಎಲ್ಲಿ ಮುಗಿಯಿತು ಅಂತ ತಿಳಿಸಲು, ಕೊನೆಯ 'ಎಂಡ್' ಆದ ಮೇಲೆ ಬೇರೆ ಸಾಲಿನಲ್ಲಿ ಬರೀ ಒಂದು ಸ್ಲ್ಯಾಶ್ (/) ಹಾಕಬೇಕು. ಮೊನ್ನೆ ನಾನು ಮರೆತಿದ್ದೆ. ಕೆಳಗಿದ್ದ 'ಕ್ರಿಯೇಟ್ ಟೇಬಲ್' ಕೂಡ ಟ್ರಿಗರ್ ಒಳಗೇ ಸೇರಿಕೊಂಡು ಪಿಎಲ್‌ಎಸ್-00103 ಎರರ್ ಬಂತು. ಅರ್ಧ ಗಂಟೆ ಸುಮ್ನೆ ಹೋಯಿತು.

ಫಾರಿನ್ ಕೀ, ಅಂದರೆ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಕೊಂಡಿ ಇದ್ದರೆ, ಆ ಕೊಂಡಿ ತೋರಿಸುವ ಮೂಲ ಟೇಬಲ್ ಸ್ಕ್ರಿಪ್ಟ್‌ನಲ್ಲಿ ಮೊದಲು ಬರಲಿ. ಇನ್ನೊಂದು, ಒರಾಕಲ್‌ನಲ್ಲಿ 'ಕ್ರಿಯೇಟ್' ತಾನಾಗಿಯೇ ಕಮಿಟ್ (ಕಾಯಂ) ಆಗುತ್ತದೆ. ಆಮೇಲೆ ರೋಲ್‌ಬ್ಯಾಕ್ (ಮಾಡಿದ್ದನ್ನು ರದ್ದು ಮಾಡುವ ಆದೇಶ) ಕೊಟ್ಟರೂ ಟೇಬಲ್ ಹೋಗುವುದಿಲ್ಲ. ಹಾಗಾಗಿ ಟೇಬಲ್ ಅಳಿಸುವ 'ಡ್ರಾಪ್' ಸಾಲುಗಳನ್ನು ಬೇರೆ ಫೈಲಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ.