ಮುತ್ತಜ್ಜನ ಮದುವೆ ಯಾವ ಇಗರ್ಜಿಯಲ್ಲಿ? ನಾನು ಹುಡುಕಿದ ದಾರಿ

ಮುತ್ತಜ್ಜ, ಮುತ್ತಜ್ಜಿಯ ಮದುವೆ ಯಾವ ಇಗರ್ಜಿಯಲ್ಲಿ, ಅಂದರೆ ಯಾವ ಚರ್ಚಿನಲ್ಲಿ, ಆಯಿತೆಂಬ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿದ್ದದ್ದು ಒಂದೇ ಮಾತು: "ಮಿಲಾಗ್ರಿಸ್‌ನಲ್ಲಿ ಆದದ್ದಂತೆ." ಚಿಕ್ಕಮಗಳೂರಿನ ಕಾಫಿ ತೋಟದ ಕಡೆ ಹುಟ್ಟಿ ಬೆಳೆದ ಅಪ್ಪ, ಚಿಕ್ಕಪ್ಪಂದಿರಿಗೆ ಮಿಲಾಗ್ರಿಸ್ ಎಂದರೆ ಮಂಗಳೂರು ಹಂಪನಕಟ್ಟೆಯ ಚರ್ಚು, ಅಷ್ಟೇ. ಆದರೆ ಕರಾವಳಿಯಲ್ಲಿ ಹಳೆಯ ಮಿಲಾಗ್ರಿಸ್ ಎರಡಿವೆ. ಮಂಗಳೂರಿನದು 1680ರದ್ದು. ಉಡುಪಿ ದಾಟಿದ ಮೇಲೆ ಸ್ವರ್ಣಾ ನದಿಯ ಹತ್ತಿರ ಸಿಗುವ ಕಲ್ಯಾಣಪುರದ್ದು 1678ರದ್ದು. ಹಾಗಾಗಿ ಕೇಳಿದ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಕೈಗೆ ಸಿಗುವ ಕಾಗದದಿಂದಲೇ ಹಿಂದಕ್ಕೆ ಹೋಗುವುದೆಂದು ತೀರ್ಮಾನಿಸಿದೆ.

ಮೊದಲು ನೋಡಿದ್ದು ಅಜ್ಜನ ಮದುವೆಯ ದಾಖಲೆ. ಅವರ ಮದುವೆ ಆದದ್ದು ಚಿಕ್ಕಮಗಳೂರಿನ ಸಂತ ಜೋಸೆಫರ ಚರ್ಚಿನಲ್ಲಿ ಎಂಬುದು ಗೊತ್ತಿತ್ತು. ಅಲ್ಲಿನ ಪುಸ್ತಕದಲ್ಲಿ ವರನ ಊರಿನ ಜಾಗದಲ್ಲಿ ಸ್ಪಷ್ಟವಾಗಿ ಕಲ್ಯಾಣಪುರ ಎಂದಿತ್ತು. ಮಂಗಳೂರಿನ ದಾರಿ ಅಲ್ಲಿಗೆ ಮುಗಿಯಿತು.

ಕಥೋಲಿಕರ ದಾಖಲೆ ಹುಡುಕುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮದುವೆಯ ಬಗ್ಗೆ ರೋಮ್ ಹೊರಡಿಸಿದ 'ನೆ ತೆಮೆರೆ' ಎಂಬ ಆಜ್ಞೆ 1908ರ ಈಸ್ಟರಿನಿಂದ ಜಾರಿಗೆ ಬಂತು. ಆಮೇಲೆ ಆದ ಮದುವೆಯನ್ನು ವಧೂವರರ ಜ್ಞಾನಸ್ನಾನದ ದಾಖಲೆಯಲ್ಲೂ ಬರೆದಿಡಬೇಕೆಂಬ ನಿಯಮ ಬಂತು. ಎಲ್ಲೋ ದೂರದಲ್ಲಿ ಮದುವೆಯಾದರೂ ಅಲ್ಲಿನ ಪಾದ್ರಿ ಹುಟ್ಟೂರಿಗೆ ತಿಳಿಸಬೇಕು, ಇಲ್ಲಿನವರು ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ ಊರು, ತಾರೀಕು ಬರೆದುಕೊಳ್ಳಬೇಕು. ಹಿರಿಯರು 1908ರ ನಂತರ ಮದುವೆಯಾದವರಾದರೆ ಮದುವೆ ಪುಸ್ತಕ ಕೇಳುವ ಮೊದಲು ಜ್ಞಾನಸ್ನಾನದ ಪುಸ್ತಕ ಕೇಳಿ. ಉತ್ತರ ಆ ಅಂಚಿನಲ್ಲೇ ಇರಬಹುದು. ಕಲ್ಯಾಣಪುರದಲ್ಲಿ 1905ರ ಪುಟದಲ್ಲಿ ಅಜ್ಜನ ಹೆಸರು ಸಿಕ್ಕಾಗ, ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಚಿಕ್ಕಮಗಳೂರಿನ ಮದುವೆ ಬರೆದಿತ್ತು. ಘಟ್ಟ ಹತ್ತಿ ಹೋದ ಹುಡುಗನ ಸುದ್ದಿ ಊರಿನ ಇಗರ್ಜಿಗೆ ಬಂದು ತಲುಪಿತ್ತು. ಆ ಒಂದು ಸಾಲು ನೋಡಿ ನನಗೆ ಕಣ್ಣು ತುಂಬಿ ಬಂತು.

ಮುತ್ತಜ್ಜನ ಕಾಲಕ್ಕೆ ಈ ನಿಯಮ ಇರಲಿಲ್ಲ, ಅವರ ಮದುವೆಯನ್ನು ನೇರವಾಗಿಯೇ ಹುಡುಕಬೇಕಿತ್ತು. ಅದಕ್ಕೆ ನಾನು ಹಿಡಿದದ್ದು ಚೊಚ್ಚಲ ಮಗುವಿನ ಜ್ಞಾನಸ್ನಾನ. ಅಜ್ಜನ ಹಿರಿಯ ಅಕ್ಕನದು 1896ರಲ್ಲಿತ್ತು. ತಿಂಗಳು ಇದ್ದ ಕಡೆ '10' ಎಂದು ಬರೆದು ಮುಂದೆ ಸಣ್ಣದಾಗಿ 'ಬ್ರಿಸ್' ಎಂದಿತ್ತು. ಹತ್ತನೇ ತಿಂಗಳು ಅಕ್ಟೋಬರ್ ಎಂದು ಓದಿಬಿಡುವುದು ಸುಲಭ, ಆದರೆ ಅದು ಡಿಸೆಂಬರ್. ಹಳೆಯ ಲ್ಯಾಟಿನ್, ಪೋರ್ಚುಗೀಸ್ ಬರವಣಿಗೆಯಲ್ಲಿ 7, 8, 9, 10 ಎಂಬ ಅಂಕಿಗಳಿಗೆ ಹೀಗೆ ಬಾಲ ಸೇರಿಸಿದರೆ ಸೆಪ್ಟೆಂಬರಿನಿಂದ ಡಿಸೆಂಬರ್ ತನಕದ ತಿಂಗಳು ಎಂದೇ ಅರ್ಥ.

ಹಾಗಾದರೆ ಮದುವೆ ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಆಗಿರಬೇಕು. ಬೂದಿ ಬುಧವಾರದಿಂದ ಶುರುವಾಗುವ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಮದುವೆ ನಡೆಯುತ್ತಿರಲಿಲ್ಲ. ಆದ್ದರಿಂದ ಜನವರಿಯಿಂದ ಬೂದಿ ಬುಧವಾರದ ತನಕದ ಪುಟಗಳನ್ನು ಮೊದಲು ನೋಡಿದೆ. ಕಲ್ಯಾಣಪುರದ ಮದುವೆ ಪುಸ್ತಕದಲ್ಲಿ ಅವರು ಇರಲಿಲ್ಲ.

ಇಲ್ಲಿ ಹಲವರು ಹುಡುಕಾಟ ಕೈಬಿಡುತ್ತಾರೆ. ಬಿಡಬೇಡಿ. ಮದುವೆ ಸಾಮಾನ್ಯವಾಗಿ ವಧುವಿನ ಪಾದ್ರಿಯ ಮುಂದೆ ಆಗಬೇಕೆಂಬುದು ಚರ್ಚಿನ ಹಳೆಯ ಪದ್ಧತಿ. ಎರಡೂ ಕಡೆಯ ಇಗರ್ಜಿ ನೋಡದೆ ದಾಖಲೆ ಇಲ್ಲವೆನ್ನುವ ಹಾಗಿಲ್ಲ. ಮುತ್ತಜ್ಜಿಯ ತವರು ಯಾವುದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಆ ಚೊಚ್ಚಲ ಮಗುವಿನ ದಾಖಲೆಗೇ ಬಂದೆ. ನಮ್ಮಲ್ಲಿ ಮೊದಲ ಮಗುವಿಗೆ ಎರಡೂ ಮನೆಯ ಹಿರಿಯರು ಧರ್ಮ ಮಾತಾಪಿತರಾಗಿ ನಿಲ್ಲುವುದು ವಾಡಿಕೆ. ಧರ್ಮಮಾತೆಯ ಹೆಸರಿನ ಮುಂದೆ ಅವಳ ಊರಿತ್ತು: ಶಿರ್ವ.

ಶಿರ್ವದ ಆರೋಗ್ಯ ಮಾತೆಯ ಇಗರ್ಜಿಗೆ ಮೊದಲು ಪತ್ರ ಬರೆದೆ. ಅಂದಾಜು ವರ್ಷ, ಇಬ್ಬರ ಹೆಸರು, ನಾನು ಅವರಿಗೆ ಏನಾಗಬೇಕು, ಇಷ್ಟನ್ನು ಅರ್ಧ ಪುಟದಲ್ಲಿ ತಿಳಿಸಿದೆ. ಭಾನುವಾರ ಪೂಜೆ ಮುಗಿದ ಕೂಡಲೇ ಹೋಗಿ ಕೇಳಬಾರದು, ಪಾದ್ರಿಗಳಿಗೆ ಅದು ಅತಿ ಕೆಲಸದ ಹೊತ್ತು. ವಾರದ ನಡುವೆ ಅವರು ಹೇಳಿದ ಸಮಯಕ್ಕೆ ಹೋದೆ. "ಫಾದರ್, ಪುಟ ನಾನು ತಿರುಗಿಸುವುದಿಲ್ಲ, ನೀವೇ ತಿರುಗಿಸಿ" ಎಂದಾಗ ಅವರಿಗೂ ನೆಮ್ಮದಿಯಾಯಿತು. ಆ ಕಾಗದಕ್ಕೆ ಬೆರಳು ತಾಗಿದರೂ ಅಂಚು ಪುಡಿಯಾಗುವಂತಿತ್ತು.

1896, ಫೆಬ್ರವರಿ 12. ಬೂದಿ ಬುಧವಾರಕ್ಕೆ ಸರಿಯಾಗಿ ಒಂದು ವಾರ ಮೊದಲು. ಲ್ಯಾಟಿನ್‌ನಲ್ಲಿ ಏಳೆಂಟು ಸಾಲು. ಮನೆಯಲ್ಲಿ ಬಸ್ತ್ಯಾಂವ್ ಎಂದೇ ಕರೆಯುತ್ತಿದ್ದ ಮುತ್ತಜ್ಜ ಅಲ್ಲಿ 'ಸೆಬಾಸ್ತಿಯಾನುಮ್' ಆಗಿದ್ದರು. ಲ್ಯಾಟಿನ್‌ನಲ್ಲಿ ವಿಭಕ್ತಿಗೆ ತಕ್ಕಂತೆ ಹೆಸರಿನ ಕೊನೆ ಬದಲಾಗುತ್ತದೆ, ಆದ್ದರಿಂದ ಮೊದಲ ಅಕ್ಷರಗಳನ್ನು ನೋಡಿ ಹುಡುಕಬೇಕು. ಪೆದ್ರು ಪೆತ್ರುಸ್ ಆಗಿರುತ್ತಾನೆ, ಜುವಾಂವ್ ಜೊವಾನ್ನೆಸ್, ದುಮಿಂಗ್ ದೊಮಿನಿಕುಸ್. ಅಡ್ಡಹೆಸರನ್ನಷ್ಟೇ ನಂಬಿದರೆ ಒಂದೇ ಪುಟದಲ್ಲಿ ನಾಲ್ಕು ಡಿಸೋಜ ಸಿಗುತ್ತಾರೆ. ತಂದೆ ತಾಯಿಯ ಹೆಸರು ತಾಳೆಯಾದರೆ ಮಾತ್ರ ಅವರು ನಿಮ್ಮವರು. ಮುತ್ತಜ್ಜಿಯ ತಂದೆ ಆಗಲೇ ತೀರಿಕೊಂಡಿದ್ದರೆಂದೂ, ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಮೂರು ಸಲ ಓದಲಾಯಿತೆಂದೂ, ಯಾವ ಅಡ್ಡಿಯೂ ಬರಲಿಲ್ಲವೆಂದೂ ಬರೆದಿತ್ತು. ಕೊನೆಗೆ ಇಬ್ಬರು ಸಾಕ್ಷಿಗಳು. ಅವರಲ್ಲಿ ಒಬ್ಬರು ಕಲ್ಯಾಣಪುರದವರು, ನಮ್ಮದೇ ಅಡ್ಡಹೆಸರು, ಬಹುಶಃ ಮುತ್ತಜ್ಜನ ಅಣ್ಣ.

ಈ ಅಣ್ಣನ ಕುಟುಂಬ ಕಲ್ಯಾಣಪುರದ ಪುಸ್ತಕಗಳಲ್ಲಿ ಮುಂದೆ ಎಲ್ಲೂ ಕಾಣುವುದಿಲ್ಲ. ಆ ಕಡೆಯವರು ಹುಡುಕುವಾಗ ನೆನಪಿಡಬೇಕಾದ ಒಂದು ಚರಿತ್ರೆ ಇದೆ. ಪೋಪ್ ಮತ್ತು ಪೋರ್ಚುಗಲ್ ನಡುವಿನ 1886ರ ಒಪ್ಪಂದದ ನಂತರ, ಗೋವಾದ ಅಧೀನದಲ್ಲಿದ್ದ ಇಲ್ಲಿನ ಚರ್ಚುಗಳು ಮಂಗಳೂರು ಬಿಷಪರ ಕೈಗೆ ಬಂದವು. ಅದನ್ನು ಒಪ್ಪದ ಕೆಲವು ಕುಟುಂಬಗಳು ಕಥೋಲಿಕ ಸಭೆ ಬಿಟ್ಟು, ಫಾದರ್ ನೊರೊನ್ಹಾ ಅವರ ಜೊತೆ ನಿಂತು, 1889ರಲ್ಲಿ ಕೊಟ್ಟಾಯಂನಲ್ಲಿ ಬಿಷಪ್ ಆಗಿ ಅಭಿಷಿಕ್ತರಾದ ಮಾರ್ ಜೂಲಿಯಸ್ ಅಲ್ವಾರಿಸ್ ಅವರನ್ನು ಹಿಂಬಾಲಿಸಿದವು. ಬ್ರಹ್ಮಾವರದ ಕೊಂಕಣಿ ಆರ್ಥೊಡಾಕ್ಸ್ ಸಮುದಾಯ ಬೆಳೆದದ್ದು ಹೀಗೆ. ಕಥೋಲಿಕ ಪುಸ್ತಕದಲ್ಲಿ ಆ ವರ್ಷಗಳಲ್ಲಿ ಒಂದು ಮನೆತನ ಥಟ್ಟನೆ ನಿಂತುಹೋದರೆ, ಸತ್ತರು ಅಥವಾ ಊರು ಬಿಟ್ಟರು ಎಂದುಕೊಳ್ಳುವ ಮೊದಲು ಬ್ರಹ್ಮಾವರದಲ್ಲಿ ಕೇಳಿ ನೋಡಬೇಕು. ನನ್ನ ಮುಂದಿನ ಕೆಲಸವೂ ಅದೇ.

ಇನ್ನೆರಡು ಮಾತು. ಈಗ ಇರುವ ಚರ್ಚು ಆಗಲೂ ಇತ್ತೇ ಎಂದು ನೋಡಿಕೊಳ್ಳಿ. ಕುಲಶೇಖರದ ಕೊರ್ಡೆಲ್ ಚರ್ಚ್ 1873ರದ್ದು, ಅದಕ್ಕೂ ಹಿಂದಿನ ಮದುವೆಯನ್ನು ಅಲ್ಲಿ ಹುಡುಕಿ ಫಲವಿಲ್ಲ. ಪುಸ್ತಕವೇ ಹಾಳಾಗಿದ್ದರೆ, 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆ ಸರಕಾರಕ್ಕೆ ಕಳಿಸುತ್ತಿದ್ದ ಪ್ರತಿಗಳನ್ನು ಕೇಳಬಹುದು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು, ಬೆಂಗಳೂರಿನಲ್ಲಿ ವಿಚಾರಿಸಿದರೆ ಸಿಗಲಾರದು. 1784ಕ್ಕೂ ಹಿಂದೆ ಹೋಗುವುದು ಬಹಳ ಕಷ್ಟ. ಟಿಪ್ಪು ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಒಯ್ದ ಆ ಕಾಲದಲ್ಲಿ ಜನರ ಜೊತೆ ಇಗರ್ಜಿಗಳೂ ಹೋದವು.

ಶಿರ್ವದಿಂದ ಸಹಿ, ಮೊಹರು ಹಾಕಿದ ಪ್ರತಿ ಪಡೆದು ಮನೆಯವರಿಗೆಲ್ಲ ಹಂಚಿದ್ದೇನೆ. ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಮಿಲಾಗ್ರಿಸ್ ಅಂತ ಅಪ್ಪ ಯಾಕೆ ಹೇಳ್ತಿದ್ದ?" ಅಜ್ಜ ಜ್ಞಾನಸ್ನಾನ ಪಡೆದದ್ದು, ಮೊದಲ ಪರಮಪ್ರಸಾದ ತೆಗೆದುಕೊಂಡದ್ದು ಎಲ್ಲ ಕಲ್ಯಾಣಪುರದ ಮಿಲಾಗ್ರಿಸ್‌ನಲ್ಲಿ ಅತ್ತೆ, ಅವರಿಗೆ ಇಗರ್ಜಿ ಅಂದರೆ ಅದೇ ಇದ್ದಿರಬೇಕು ಎಂದೆ.